ಕಾದು ಕುಳಿತ ಮರಳು: ನದಿತಳದ ಲೆಕ್ಕ ಎಲ್ಲಿ ತಪ್ಪುತ್ತಿದೆ?

1996ರ ಮಾರ್ಚ್ 26ರಂದು ಅಮೆರಿಕದ ಕೊಲೊರಾಡೊ ನದಿಯಲ್ಲಿ ಬೇಕೆಂದೇ ಒಂದು ನೆರೆಯನ್ನು ಎಬ್ಬಿಸಲಾಯಿತು. ಗ್ಲೆನ್ ಕ್ಯಾನಿಯನ್ ಅಣೆಕಟ್ಟಿನ ಕವಾಟಗಳನ್ನು ಆಗಿನ ಒಳಾಡಳಿತ ಕಾರ್ಯದರ್ಶಿ ಬ್ರೂಸ್ ಬ್ಯಾಬಿಟ್ ಖುದ್ದಾಗಿ ನಿಂತು ತೆರೆದರು. ಸೆಕೆಂಡಿಗೆ ಸುಮಾರು 1,270 ಘನ ಮೀಟರ್ ನೀರು ಏಳು ದಿನ ಎಡೆಬಿಡದೆ ಹರಿಯಿತು. ಅದರ ಉದ್ದೇಶ ಮರಳು. 1963ರಲ್ಲಿ ಅಣೆಕಟ್ಟು ನೀರು ತಡೆಯತೊಡಗಿದ ಮೇಲೆ ಮೇಲಿನಿಂದ ಬರುವ ಮರಳೆಲ್ಲ ಜಲಾಶಯದಲ್ಲೇ ಉಳಿದುಬಿಟ್ಟಿತ್ತು. ಕೆಳಗಿನ ಗ್ರ್ಯಾಂಡ್ ಕ್ಯಾನಿಯನ್ ಕಮರಿಯ ದಡದ ಮರಳು ದಿಬ್ಬಗಳು ವರ್ಷದಿಂದ ವರ್ಷಕ್ಕೆ ಕರಗುತ್ತಿದ್ದವು. ಅಣೆಕಟ್ಟಿನ ಕೆಳಗೆ ಬಂದು ಸೇರುವ ಸಣ್ಣ ಉಪನದಿಗಳು ಹೊತ್ತು ತಂದ ಮರಳಾದರೂ ಇಷ್ಟು ವರ್ಷಗಳಲ್ಲಿ ನದಿಯ ತಳದಲ್ಲಿ ಶೇಖರವಾಗಿರಬೇಕು, ಒಂದು ದೊಡ್ಡ ನೆರೆ ಹರಿಸಿದರೆ ಅದು ಎದ್ದು ದಡಕ್ಕೆ ಸೇರುತ್ತದೆ ಎಂಬುದು ತಜ್ಞರ ಎಣಿಕೆಯಾಗಿತ್ತು.

ನೆರೆ ಇಳಿದಾಗ ದಿಬ್ಬಗಳು ನಿಜಕ್ಕೂ ಎತ್ತರವಾಗಿದ್ದವು. ಎಲ್ಲರೂ ಸಂಭ್ರಮಿಸಿದರು. ಆದರೆ ಅಳತೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಾಗ ಬೇರೆಯೇ ಚಿತ್ರ ಕಂಡಿತು. ದಿಬ್ಬಗಳ ನೆತ್ತಿಗೆ ಏರಿದ್ದ ಮರಳಿನ ಬಹುಪಾಲು ನದಿಯ ತಳದಿಂದ ಬಂದುದಾಗಿರಲಿಲ್ಲ. ಅದು ಆ ದಿಬ್ಬಗಳದೇ ನೀರಿನಡಿಯ ಬುಡದಿಂದ, ಮೇಲಿನ ತಿರುವುಗಳಲ್ಲಿದ್ದ ಬೇರೆ ದಿಬ್ಬಗಳಿಂದ ಕಿತ್ತು ಬಂದಿತ್ತು. ತಳದಲ್ಲಿ ಕೂಡಿಟ್ಟಿದೆ ಎಂದು ನಂಬಿದ್ದ ದಾಸ್ತಾನು ಅಲ್ಲಿರಲೇ ಇಲ್ಲ. ಉಪನದಿಗಳು ತಂದ ಮರಳು ಕೆಲವೇ ವಾರ, ತಿಂಗಳುಗಳಲ್ಲಿ ಕಮರಿಯಿಂದಾಚೆಗೆ ಕೊಚ್ಚಿಹೋಗಿತ್ತು. ಎತ್ತರವಾದ ದಿಬ್ಬಗಳೂ ಮುಂದಿನ ತಿಂಗಳುಗಳಲ್ಲಿ ಮತ್ತೆ ಸವೆದವು.

ಈ ಪ್ರಸಂಗವನ್ನು ಮೊದಲಿಗೇ ಹೇಳಲು ಕಾರಣವಿದೆ. ನೀರಿನ ಲೆಕ್ಕದಲ್ಲಿ ಅಲ್ಲಿ ಯಾರೂ ಎಡವಿರಲಿಲ್ಲ. ಎಡವಿದ್ದು ಒಂದು ಮರಳಿನ ಕಣ ನದಿಯ ತಳದಲ್ಲಿ ಎಷ್ಟು ದಿನ ಕೂರುತ್ತದೆ ಎಂಬ ಪ್ರಶ್ನೆಯಲ್ಲಿ. ಮರಳು ತೆಗೆಯಲು ಅನುಮತಿ ಕೊಡುವಾಗ, ಅಣೆಕಟ್ಟಿನ ಆಯುಷ್ಯ ಅಂದಾಜು ಮಾಡುವಾಗ, ವಿಷ ಬೆರೆತ ಹೂಳು ಯಾವಾಗ ತೊಳೆದುಹೋಗುತ್ತದೆ ಎಂದು ಹೇಳುವಾಗ ಜಗತ್ತಿನ ಬಹುತೇಕ ಕಡೆ ಇಂದಿಗೂ ಇದೇ ಪ್ರಶ್ನೆಯನ್ನು ದಾಟಿಕೊಂಡು ಮುಂದೆ ಹೋಗಲಾಗುತ್ತಿದೆ. ಮರಳು ನೀರಿನ ಜೊತೆಗೇ ಹರಿಯುತ್ತದೆ, ಸ್ವಲ್ಪ ನಿಧಾನವಾಗಿ ಅಷ್ಟೇ ಎಂಬ ಕಲ್ಪನೆ ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಅದು ತಪ್ಪು. ತಳದಲ್ಲಿ ಸಾಗುವ ಮರಳು ತನ್ನ ಬದುಕಿನ ಹೆಚ್ಚಿನ ಭಾಗವನ್ನು ಕಳೆಯುವುದು ಸುಮ್ಮನೆ ಕೂತು.

ಪ್ರಯೋಗಾಲಯದ ಗಾಜಿನ ಗೋಡೆಯ ಕಾಲುವೆಯೊಂದರ ಪಕ್ಕದಲ್ಲಿ ಮಂಡಿಯೂರಿ ಕುಳಿತು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ನೀರು ಒಂದೇ ಸಮನೆ ಓಡುತ್ತಿದೆ. ಕೆಳಗೆ ಹಾಸಿದ ಮರಳು, ಹರಳುಗಲ್ಲುಗಳಲ್ಲಿ ಹೆಚ್ಚಿನವು ಅಲುಗಾಡುತ್ತಲೂ ಇಲ್ಲ. ಒಂದೇ ಕಣದ ಮೇಲೆ ಕಣ್ಣು ನೆಟ್ಟು ಕೂರಬೇಕು. ಅದು ಮೂರು ಕಣಗಳ ನಡುವಿನ ಕುಳಿಯಲ್ಲಿ ಹುದುಗಿದೆ. ನೀರಿನ ಒಂದು ಸುಳಿ ತಳವನ್ನು ಸವರಿ ಹೋದಾಗ ಅದು ಸ್ವಲ್ಪ ವಾಲುತ್ತದೆ, ಮತ್ತೆ ಕುಳಿಗೇ ಮರಳುತ್ತದೆ. ಹೀಗೆ ಎರಡು ಮೂರು ಬಾರಿ. ಆಮೇಲೆ ಇನ್ನೊಂದು ಸುಳಿ ಬರುತ್ತದೆ. ನೋಡಲು ಮೊದಲಿನದಕ್ಕಿಂತ ಜೋರೇನೂ ಅಲ್ಲ, ಆದರೆ ಅರೆಗಳಿಗೆ ಹೆಚ್ಚು ಹೊತ್ತು ಒತ್ತುತ್ತದೆ. ಕಣ ಮುಂದಿನದರ ಹೆಗಲೇರಿ ಆಚೆ ಉರುಳುತ್ತದೆ, ಪುಟಿಯುತ್ತದೆ, ಇನ್ನೊಂದಕ್ಕೆ ಬಡಿದು ಮತ್ತೆ ಪುಟಿಯುತ್ತದೆ, ಒಂದು ದೊಡ್ಡ ಕಲ್ಲಿನ ಮರೆ ಸಿಕ್ಕಿದ ಕೂಡಲೇ ಅಲ್ಲಿ ನಿಂತುಬಿಡುತ್ತದೆ. ಇಡೀ ಪ್ರಯಾಣಕ್ಕೆ ಒಂದೆರಡು ಸೆಕೆಂಡು. ಅದು ಮತ್ತೆ ಹೊರಡುವುದನ್ನು ನೋಡಲು ಕಾದರೆ ಕಾಲು ಮರಗಟ್ಟುತ್ತದೆ.

ಆ ಅರೆಗಳಿಗೆಯ ಒತ್ತು ನನ್ನ ಕಲ್ಪನೆಯಲ್ಲ. ಕಣ ಏಳಬೇಕಾದರೆ ಗರಿಷ್ಠ ಬಲವೊಂದೇ ಸಾಲದು, ಆ ಬಲ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದೂ ಮುಖ್ಯ ಎಂದು ಪನಯೋಟಿಸ್ ಡಿಪ್ಲಾಸ್ ಮತ್ತು ಸಂಗಡಿಗರು 2008ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಅದಕ್ಕೂ ಮೊದಲಿನ ಮುಖ್ಯ ಹೆಜ್ಜೆ ಬರ್ಲಿನ್‌ನಲ್ಲಿ ಓದುತ್ತಿದ್ದ ಅಮೆರಿಕದ ಎಂಜಿನಿಯರ್ ಆಲ್ಬರ್ಟ್ ಶೀಲ್ಡ್ಸ್‌ರದು. ನೀರು ತಳವನ್ನು ಎಳೆಯುವ ಬಲಕ್ಕೂ, ನೀರಿನೊಳಗೆ ಕಣಕ್ಕಿರುವ ತೂಕಕ್ಕೂ ಇರುವ ಅನುಪಾತ ಒಂದು ಹೊಸ್ತಿಲನ್ನು ದಾಟಿದಾಗ ಕಣ ಚಲಿಸುತ್ತದೆ ಎಂದು ಅವರು 1936ರ ತಮ್ಮ ಪ್ರಬಂಧದಲ್ಲಿ ಹೇಳಿದರು. ಒರಟು ತಳದ ನದಿಗಳಲ್ಲಿ ಆ ಹೊಸ್ತಿಲು ಸಾಮಾನ್ಯವಾಗಿ 0.03ರಿಂದ 0.06ರ ನಡುವೆ ಇರುತ್ತದೆ. ಅಂಕಿ ಒಣಗಿದಂತೆ ಕಾಣಬಹುದು; ಅದರ ಅರ್ಥ ಹೀಗೆ. ಒಂದು ಮೀಟರ್ ಆಳದ ನದಿ ಕಿಲೋಮೀಟರಿಗೆ ಒಂದು ಮೀಟರಿನಂತೆ ಇಳಿಯುತ್ತಿದೆ ಎಂದಿಟ್ಟುಕೊಳ್ಳಿ. ಅದು ತಳದ ಪ್ರತಿ ಚದರ ಮೀಟರನ್ನು ಸುಮಾರು ಒಂದು ಕಿಲೋಗ್ರಾಂ ತೂಕದಷ್ಟು ಬಲದಿಂದ ಮುಂದಕ್ಕೆ ಎಳೆಯುತ್ತದೆ. ಅಷ್ಟು ಎಳೆತಕ್ಕೆ ಅಲುಗುವುದು ಹೆಚ್ಚೆಂದರೆ 13 ಮಿಲಿಮೀಟರಿನ ಆಸುಪಾಸಿನ, ಅಂದರೆ ಬೆರಳ ಉಗುರಿನಷ್ಟು ಗಾತ್ರದ ಕಲ್ಲು. ನೆರೆ ಬಂದು ಆಳ ಮೂರು ಮೀಟರಿಗೆ ಏರಿದರೆ ಮುಷ್ಟಿಗಿಂತ ಸ್ವಲ್ಪ ಚಿಕ್ಕದಾದ, ನಾಲ್ಕು ಸೆಂಟಿಮೀಟರಿನ ಕಲ್ಲೂ ಏಳುತ್ತದೆ. ಆದ್ದರಿಂದಲೇ ಜಲ್ಲಿ ತಳದ ನದಿಗಳಲ್ಲಿ ವರ್ಷದ ಬಹುತೇಕ ದಿನ ತಳ ಸ್ತಬ್ಧವಾಗಿರುತ್ತದೆ. ಕೆಲಸವೆಲ್ಲ ನಡೆಯುವುದು ನೆರೆಯ ಕೆಲವು ದಿನಗಳಲ್ಲಿ.

ಚಿಕ್ಕ ಕಣ ಸುಲಭವಾಗಿ ಏಳುತ್ತದೆ, ದೊಡ್ಡದು ಕಷ್ಟದಿಂದ ಏಳುತ್ತದೆ ಎಂಬ ಸರಳ ನಿಯಮವೂ ಎರಡು ಕಡೆ ಮುರಿಯುತ್ತದೆ. ಸ್ವೀಡನ್ನಿನ ಫಿಲಿಪ್ ಯೂಲ್‌ಸ್ಟ್ರಂ 1935ರಲ್ಲಿ ತೋರಿಸಿದಂತೆ, ಅತಿ ಸಣ್ಣ ಜೇಡಿಕಣಗಳು ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಅವನ್ನು ಕೀಳಲು ಮರಳನ್ನು ಕೀಳುವುದಕ್ಕಿಂತ ಹೆಚ್ಚಿನ ವೇಗ ಬೇಕು. ಎಲ್ಲಕ್ಕಿಂತ ಸುಲಭವಾಗಿ ಹೊರಡುವುದು ಅರ್ಧ ಮಿಲಿಮೀಟರ್ ಆಸುಪಾಸಿನ ಮಧ್ಯಮ ಮರಳು. ಆದರೆ ಜೇಡಿ ಒಮ್ಮೆ ಎದ್ದಿತೆಂದರೆ ಅದನ್ನು ತೇಲಿಸಿಕೊಂಡು ಹೋಗಲು ಬಹಳ ನಿಧಾನದ ಹರಿವೂ ಸಾಕು. ಇನ್ನೊಂದು ಕಡೆ, ಬಗೆಬಗೆಯ ಗಾತ್ರಗಳು ಬೆರೆತ ತಳದಲ್ಲಿ ಚಿಕ್ಕವು ದೊಡ್ಡವುಗಳ ಮರೆಯಲ್ಲಿ ಅಡಗಿಕೊಳ್ಳುತ್ತವೆ. ದೊಡ್ಡವು ತಲೆಯೆತ್ತಿ ನಿಂತು ನೀರಿನ ಪೆಟ್ಟನ್ನು ನೇರವಾಗಿ ಉಣ್ಣುತ್ತವೆ. ಹಾಗಾಗಿ ಎರಡರ ಹೊಸ್ತಿಲೂ ಹತ್ತಿರ ಹತ್ತಿರಕ್ಕೆ ಬರುತ್ತದೆ. ಮೇಲ್ಪದರದ ಸಣ್ಣ ಕಣಗಳು ಕೊಚ್ಚಿಹೋದ ಮೇಲೆ ದೊಡ್ಡ ಕಲ್ಲುಗಳ ಹೊದಿಕೆ ಉಳಿದು, ಅಡಿಯಲ್ಲಿರುವ ಮರಳನ್ನು ಕವಚದಂತೆ ಕಾಯುತ್ತದೆ. ಬೇಸಗೆಯಲ್ಲಿ ಬತ್ತಿದ ಹೊಳೆಗೆ ಇಳಿದು ಮೇಲಿನ ಒಂದು ಕಲ್ಲನ್ನು ಎತ್ತಿ ನೋಡಿದರೆ ಅಡಿಯಲ್ಲಿ ನುಣ್ಣನೆಯ ಒದ್ದೆ ಮರಳು ಸಿಗುವುದು ಇದೇ ಕಾರಣಕ್ಕೆ. ಆ ಕವಚ ಒಡೆಯುವಷ್ಟು ದೊಡ್ಡ ನೆರೆ ಬರುವತನಕ ಆ ಮರಳು ಅಲ್ಲಿಯೇ ಇರುತ್ತದೆ.

ಈ ಕೂರುವ ಆಟವನ್ನು ಗಣಿತಕ್ಕೆ ತಂದವರು ಹಾನ್ಸ್ ಆಲ್ಬರ್ಟ್ ಐನ್‌ಸ್ಟೈನ್. ಸಾಪೇಕ್ಷತೆಯ ಐನ್‌ಸ್ಟೈನ್‌ರ ಹಿರಿಯ ಮಗ. ಜ್ಯೂರಿಕ್‌ನಲ್ಲಿ ಓದಿ, ಮುಂದೆ ಬರ್ಕ್ಲಿಯಲ್ಲಿ ಪ್ರಾಧ್ಯಾಪಕರಾದವರು. 1937ರಲ್ಲಿ ಪ್ರಕಟವಾದ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಅವರು ತಳದ ಕಲ್ಲುಗಳ ಚಲನೆಯನ್ನು ಸಂಭವನೀಯತೆಯ ಸಮಸ್ಯೆಯಾಗಿ ನೋಡಿದರು. ಅದುವರೆಗೆ ಎಂಜಿನಿಯರುಗಳು ತಳದ ಮರಳನ್ನು ಪದರಪದರವಾಗಿ ಜಾರುವ ಹಾಸಿನಂತೆ ಕಲ್ಪಿಸಿಕೊಳ್ಳುತ್ತಿದ್ದರು. ಐನ್‌ಸ್ಟೈನ್ ಒಂದೊಂದು ಕಣವನ್ನೂ ಬಿಡಿಯಾಗಿ ತೆಗೆದುಕೊಂಡರು: ಒಂದು ನೆಗೆತ, ಒಂದು ವಿರಾಮ, ಮತ್ತೆ ನೆಗೆತ, ಮತ್ತೆ ವಿರಾಮ. ಯಾವ ನೆಗೆತ ಎಷ್ಟು ಉದ್ದ, ಯಾವ ವಿರಾಮ ಎಷ್ಟು ದೀರ್ಘ ಎಂದು ಮೊದಲೇ ಹೇಳಲಾಗದು. ಆದರೆ ಸಾವಿರಾರು ಕಣಗಳನ್ನು ಒಟ್ಟಿಗೆ ನೋಡಿದಾಗ ಒಂದು ಕ್ರಮ ಕಾಣುತ್ತದೆ. ಅವರ ಅಂದಾಜಿನಲ್ಲಿ ಸರಾಸರಿ ನೆಗೆತ ಕಣದ ವ್ಯಾಸದ ನೂರು ಪಟ್ಟಿನಷ್ಟು, ಅಂದರೆ ಒಂದು ಮಿಲಿಮೀಟರಿನ ಮರಳಿಗೆ ಹತ್ತು ಸೆಂಟಿಮೀಟರ್. ನೆಗೆತಕ್ಕೆ ತಗಲುವ ಸಮಯ ವಿರಾಮದ ಮುಂದೆ ಎಷ್ಟು ಅಲ್ಪವೆಂದರೆ ಅದನ್ನು ಲೆಕ್ಕಕ್ಕೇ ಹಿಡಿಯಬೇಕಾಗಿಲ್ಲ ಎಂದರು. ನದಿಯ ತಳವನ್ನು ಕುರಿತು ಕಳೆದ ಶತಮಾನ ಕಂಡ ಅತ್ಯಂತ ದೊಡ್ಡ ಒಳನೋಟ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದರೆ ಅವರು ವಿರಾಮಗಳಿಗೆ ಹೊಂದಿಸಿದ ಗಣಿತ ಸ್ವಲ್ಪ ಸೌಮ್ಯವಾಗಿತ್ತು. ತೀರಾ ದೀರ್ಘ ವಿರಾಮಗಳು ತೀರಾ ಅಪರೂಪ ಎಂದು ಅದು ಹೇಳುತ್ತಿತ್ತು. ನಿಜವಾದ ನದಿ ಅಷ್ಟು ಸೌಮ್ಯವಲ್ಲ.

ನಿಜವಾದ ನದಿಯಲ್ಲಿ ಒಂದು ಕಣವನ್ನು ಹಿಂಬಾಲಿಸುವುದು ಹೇಗೆ? ಕಲ್ಲುಗಳಿಗೆ ಬಣ್ಣ ಬಳಿದು ಬಿಟ್ಟು, ನೆರೆ ಇಳಿದ ಮೇಲೆ ಹುಡುಕಿಕೊಂಡು ಹೋಗುವುದು ಹಳೆಯ ಉಪಾಯ. ಹೂತುಹೋದವು ಸಿಗುತ್ತಿರಲಿಲ್ಲ. ಆಮೇಲೆ ಕಲ್ಲಿನಲ್ಲಿ ರಂಧ್ರ ಕೊರೆದು ಬ್ಯಾಟರಿಯಿಲ್ಲದ ಪುಟ್ಟ ರೇಡಿಯೋ ಬಿಲ್ಲೆಯನ್ನು ಇಡುವ ಪದ್ಧತಿ ಬಂತು. ಪ್ರತಿ ಕಲ್ಲಿಗೂ ಒಂದೊಂದು ಸಂಖ್ಯೆ. ಹೂತಿದ್ದರೂ ಮೇಲಿನಿಂದ ಆಂಟೆನಾ ಹಿಡಿದು ನಡೆದರೆ ಇಂಥ ಸಂಖ್ಯೆಯ ಕಲ್ಲು ಇಲ್ಲಿದೆ ಎಂದು ತಿಳಿಯುತ್ತದೆ. ಮರಳಿಗೆ ಇದು ಸಾಧ್ಯವಿಲ್ಲ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಸೇರ್ ಮತ್ತು ಹಬ್ಬೆಲ್ ನೆಬ್ರಾಸ್ಕಾದ ನಾರ್ತ್ ಲೂಪ್ ನದಿಯಲ್ಲಿ ವಿಕಿರಣಶೀಲ ಇರಿಡಿಯಂ ಲೇಪಿಸಿದ ಮರಳನ್ನು ಬಿಟ್ಟು, ಅದು ಹರಡಿದ ಬಗೆಯನ್ನು ಅಳೆದರು. ಆ ವರದಿ ಬಂದದ್ದು 1965ರಲ್ಲಿ. 2010ರಲ್ಲಿ ಬ್ರಾಡ್ಲಿ ಮತ್ತು ಸಂಗಡಿಗರು ಅದೇ ಹಳೆಯ ಅಂಕಿಗಳನ್ನು ಮತ್ತೆ ತೆರೆದು ನೋಡಿದಾಗ, ಮಾಮೂಲಿ ಹರಡುವಿಕೆಯ ಸೂತ್ರಕ್ಕೆ ಒಗ್ಗದ ಎರಡು ಸಂಗತಿಗಳು ಎದ್ದು ಕಂಡವು. ಕೆಲವು ಕಣಗಳು ಸೂತ್ರ ಹೇಳುವುದಕ್ಕಿಂತ ಬಹಳ ಮುಂದೆ ಹೋಗಿದ್ದವು. ಇನ್ನು ಕೆಲವು ಬಿಟ್ಟ ಜಾಗದ ಸುತ್ತಮುತ್ತಲೇ ತಳದೊಳಗೆ ಹೂತು, ಉಪಕರಣದ ಕಣ್ಣಿಗೂ ಕಾಣದಾಗಿದ್ದವು.

ಇಲ್ಲಿ ಸ್ವಲ್ಪ ನಿಲ್ಲಬೇಕು. ವಿಷಯದ ತಿರುಳು ಇರುವುದೇ ಇಲ್ಲಿ.

ನಿಂತ ನೀರಿಗೆ ಒಂದು ಹನಿ ಶಾಯಿ ಬಿಟ್ಟರೆ ಅದು ಒಂದು ಅಂದಾಜಿಗೆ ಸಿಗುವ ಹಾಗೆ ಹರಡುತ್ತದೆ. ನಾಲ್ಕು ಪಟ್ಟು ಸಮಯ ಕಳೆದರೆ ಎರಡು ಪಟ್ಟು ಅಗಲ. ಶಾಯಿಯ ಕಣಗಳಲ್ಲಿ ಯಾವುದೂ ಉಳಿದವುಗಳಿಗಿಂತ ವಿಪರೀತ ಹಿಂದೆ ಬೀಳುವುದಿಲ್ಲ. ನದಿತಳದಲ್ಲಿ ಮಾತ್ರ ಬೀಳುತ್ತವೆ. ನೂರು ಗುರುತಿನ ಕಲ್ಲುಗಳನ್ನು ಬಿಟ್ಟು ವರ್ಷದ ನಂತರ ಹುಡುಕಿದಿರಿ ಎಂದಿಟ್ಟುಕೊಳ್ಳಿ. ಅರವತ್ತು ಕಲ್ಲು ಕದಲಿಲ್ಲ, ಮೂವತ್ತು ಐದು ಮೀಟರ್ ಸಾಗಿವೆ, ಒಂಬತ್ತು ಐವತ್ತು ಮೀಟರ್ ಹೋಗಿವೆ, ಒಂದೇ ಒಂದು ಕಲ್ಲು ಒಂದು ಕಿಲೋಮೀಟರ್ ದೂರದಲ್ಲಿ ಸಿಕ್ಕಿತು. ಸರಾಸರಿ ತೆಗೆದರೆ 16 ಮೀಟರ್. ಆದರೆ 16 ಮೀಟರ್ ಸಾಗಿದ ಕಲ್ಲು ಈ ನೂರರಲ್ಲಿ ಒಂದೂ ಇಲ್ಲ. ಆ ಒಂದು ಓಟಗಾರ ಕಲ್ಲು ನಿಮ್ಮ ಕೈಗೆ ಸಿಗದೇ ಹೋಗಿದ್ದರೆ ಸರಾಸರಿ ಆರಕ್ಕೆ ಕುಸಿಯುತ್ತಿತ್ತು. ಇದು ನಾನು ಕಟ್ಟಿದ ಉದಾಹರಣೆ. ಆದರೆ ನಿಜವಾದ ಅಳತೆಗಳ ಚಹರೆ ಇದೇ ಬಗೆಯದು.

ಇನ್ನೂ ಸೂಕ್ಷ್ಮವಾದ ಮಾತೊಂದಿದೆ. ಕಣಗಳ ಹರಡುವಿಕೆಗೆ ಒಂದೇ ವೇಗವಿಲ್ಲ; ನೀವು ಎಷ್ಟು ಹೊತ್ತು ನೋಡುತ್ತೀರಿ ಎಂಬುದರ ಮೇಲೆ ಅದು ಬದಲಾಗುತ್ತದೆ. ವ್ಲಾದಿಮಿರ್ ನಿಕೋರಾ ಮತ್ತು ಸಂಗಡಿಗರು 2002ರಲ್ಲಿ ಇದನ್ನು ಮೂರು ಹಂತಗಳಾಗಿ ಬಿಡಿಸಿಟ್ಟರು. ಎರಡು ಬಡಿತಗಳ ನಡುವಿನ ಕ್ಷಣದಲ್ಲಿ ಕಣ ಎಸೆದ ಚೆಂಡಿನಂತೆ ನೆಟ್ಟಗೆ ಸಾಗುತ್ತದೆ. ಒಂದು ವಿರಾಮದಿಂದ ಮುಂದಿನ ವಿರಾಮದವರೆಗೆ ಅದು ಹಲವು ಬಾರಿ ಬಡಿದು ಪುಟಿದು ದಿಕ್ಕು ತಪ್ಪುತ್ತದೆ. ಅನೇಕ ನೆಗೆತ, ಅನೇಕ ವಿರಾಮಗಳನ್ನು ಒಟ್ಟಿಗೆ ತೆಗೆದುಕೊಂಡರೆ ವಿರಾಮಗಳದೇ ಮೇಲುಗೈ. ಅವರ ಅಂಕಿಗಳಲ್ಲಿ ಈ ಕೊನೆಯ ಹಂತದ ಹರಡುವಿಕೆ ಶಾಯಿಗಿಂತ ನಿಧಾನವಾಗಿ ಕಂಡಿತು. ಬೇರೆ ಅಧ್ಯಯನಗಳಲ್ಲಿ ಶಾಯಿಗಿಂತ ವೇಗವಾಗಿಯೂ ಕಂಡಿದೆ. ಎರಡೂ ಹೇಗೆ ಸಾಧ್ಯ? ಒಂದು ಗುಂಪಿನಲ್ಲಿ ಕೆಲವರು ದಾರಿಯಲ್ಲಿ ಮಲಗಿಬಿಟ್ಟು ಉಳಿದವರು ನಡೆಯುತ್ತಲೇ ಇದ್ದರೆ, ಮೊದಲನೆಯವನಿಗೂ ಕೊನೆಯವನಿಗೂ ನಡುವಿನ ಅಂತರ ಬೆಳೆಯುತ್ತಲೇ ಹೋಗುತ್ತದೆ. ಬಹುಪಾಲು ಎಲ್ಲರೂ ಮಲಗಿದರೆ ಗುಂಪು ಅಲ್ಲೇ ನಿಂತುಬಿಡುತ್ತದೆ. ಅಂದರೆ ಹರಡುವಿಕೆಯನ್ನು ತೀರ್ಮಾನಿಸುವುದು ಓಟದ ವೇಗಕ್ಕಿಂತ ಹೆಚ್ಚಾಗಿ ನಿದ್ರೆಯ ಉದ್ದ.

ಮತ್ತು ಕಾಲ ಕಳೆದಂತೆ ನಿದ್ರೆ ಆಳವಾಗುತ್ತದೆ. ಹೊಸದಾಗಿ ತಳದ ಮೇಲೆ ಇಟ್ಟ ಕಲ್ಲು ಸಡಿಲವಾಗಿರುತ್ತದೆ, ಮೊದಲ ನೆರೆಗೇ ಓಡುತ್ತದೆ. ಓಡಿದ ಮೇಲೆ ಅದಕ್ಕೆ ಒಳ್ಳೆಯ ಕುಳಿ ಸಿಗುತ್ತದೆ, ಮೇಲೆ ಬೇರೆ ಕಲ್ಲು ಬೀಳುತ್ತದೆ, ತಿರುವಿನ ದಿಬ್ಬದೊಳಗೆ ಸೇರಿಹೋಗುತ್ತದೆ. ಸ್ಕಾಟ್ಲೆಂಡಿನ ತೊರೆಯೊಂದರಲ್ಲಿ ರಾಬ್ ಫರ್ಗ್ಯುಸನ್ ಮತ್ತು ಸಂಗಡಿಗರು ಗುರುತಿನ ಕಲ್ಲುಗಳನ್ನು ಎಂಟು ವರ್ಷ ಹಿಂಬಾಲಿಸಿದಾಗ, ಮೊದಲ ಎರಡು ವರ್ಷಗಳಲ್ಲಿ ಕಂಡ ವೇಗ ಆಮೇಲೆ ಉಳಿಯಲಿಲ್ಲ. ಒಂದೆರಡು ವರ್ಷದ ಅಳತೆಯನ್ನು ಹಿಡಿದು ಐವತ್ತು ವರ್ಷಗಳ ಭವಿಷ್ಯ ಹೇಳುವವರೆಲ್ಲ ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು. ಮರಳು ತಳದ ನದಿಗಳಲ್ಲಿ ಈ ಹೂಳುವಿಕೆಯ ಯಂತ್ರವೇ ಬೇರೆ: ತಳದ ಮರಳು ಅಲೆಅಲೆಯಾಗಿ ಗುಡ್ಡೆಗಟ್ಟುತ್ತದೆ, ಕಣ ಅಲೆಯ ಬೆನ್ನೇರಿ ಆಚೆಯ ಇಳಿಜಾರಿನಲ್ಲಿ ಜಾರಿ ಬೀಳುತ್ತದೆ, ಅದರ ಮೇಲೆ ಮತ್ತಷ್ಟು ಬಿದ್ದು ಅದು ಅಲೆಯ ಹೊಟ್ಟೆಯೊಳಗೆ ಸೇರುತ್ತದೆ. ಇಡೀ ಅಲೆ ದಾಟಿ ಹೋದ ಮೇಲೆ ಮಾತ್ರ ಅದಕ್ಕೆ ಮತ್ತೆ ಬೆಳಕು.

ಈ ವಿರಾಮದ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡ ಬೆಟ್ಟಗಳಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1853ರಿಂದ ಅಲ್ಲಿ ಚಿನ್ನಕ್ಕಾಗಿ ರಭಸದ ನೀರು ಚಿಮ್ಮಿಸಿ ಗುಡ್ಡಗಳನ್ನೇ ಕರಗಿಸಲಾಯಿತು. ನೂರು ಕೋಟಿ ಘನ ಮೀಟರಿಗೂ ಹೆಚ್ಚು ಕಲ್ಲುಮಣ್ಣು ಹೊಳೆಗಳಿಗೆ ಬಿತ್ತು. ತಳ ಮೇಲೆದ್ದು, ಕೆಳಗಿನ ಹೊಲಗಳ ಮೇಲೆ, ಊರುಗಳ ಮೇಲೆ ನೆರೆ ನುಗ್ಗಿತು. 1884ರಲ್ಲಿ ನ್ಯಾಯಾಧೀಶ ಲೊರೆಂಜೊ ಸಾಯರ್ ಅವರ ತೀರ್ಪು ಹೊಳೆಗೆ ಈ ಕಲ್ಲುಮಣ್ಣು ಸುರಿಯುವುದನ್ನು ತಡೆಯಿತು. ಭೂವಿಜ್ಞಾನಿ ಗ್ರೋವ್ ಕಾರ್ಲ್ ಗಿಲ್ಬರ್ಟ್ ಇದನ್ನು ಅಭ್ಯಾಸ ಮಾಡಿ 1917ರಲ್ಲಿ ವರದಿ ಬರೆದರು. ಅದಕ್ಕೂ ಮೂರು ವರ್ಷ ಮೊದಲು, ಬರ್ಕ್ಲಿಯ ಕೃತಕ ಕಾಲುವೆಗಳಲ್ಲಿ ಮರಳು ಹರಿಸಿ ನೋಡಿದ ಅವರ ಪ್ರಯೋಗಗಳು ಪ್ರಕಟವಾಗಿದ್ದವು. ಆ ಅಂಕಿಗಳನ್ನು ಸಂಶೋಧಕರು ಇಂದಿಗೂ ಬಳಸುತ್ತಾರೆ. ಗಣಿಯ ಈ ಕಲ್ಲುಮಣ್ಣು ಒಂದು ಅಲೆಯಂತೆ ಕೆಳಗಿಳಿದು ಸಾಗಿಹೋಗುತ್ತದೆ ಎಂದು ಗಿಲ್ಬರ್ಟ್ ಕಲ್ಪಿಸಿಕೊಂಡರು. ಮುಖ್ಯ ಪಾತ್ರದ ತಳದ ಮಟ್ಟಿಗೆ ಅವರ ಮಾತು ಬಹುಮಟ್ಟಿಗೆ ನಿಜವಾಯಿತು: ಏರಿದ ತಳ ಮತ್ತೆ ಇಳಿಯಿತು. ಆದರೆ ಇಳಿದದ್ದು ನಡುವಿನ ಪಾತ್ರ ಮಾತ್ರ. ಅಕ್ಕಪಕ್ಕದ ಬಯಲುಗಳಲ್ಲಿ, ಮೆಟ್ಟಿಲು ಮೆಟ್ಟಿಲಾದ ದಡಗಳಲ್ಲಿ ಅಪಾರ ಪ್ರಮಾಣದ ಕಲ್ಲುಮಣ್ಣು ಹಾಗೆಯೇ ಕೂತಿದೆ ಎಂದು ಮುಂದೆ ಅಲನ್ ಜೇಮ್ಸ್ ತೋರಿಸಿದರು. ಚಿನ್ನ ಹಿಡಿಯಲು ಬಳಸಿದ ಪಾದರಸವೂ ಅದರಲ್ಲೇ ಇದೆ. ಅಲ್ಲಿನ ಯೂಬಾ ನದಿಯ ಆ ರಾಶಿಯನ್ನು ದೊಡ್ಡ ನೆರೆಗಳು ಒಂದಿಷ್ಟು ಒಂದಿಷ್ಟಾಗಿ ಕೊರೆದು ಕೆಳಗಿನ ಬಯಲಿಗೆ ಹೊರುತ್ತಿವೆ, ಇದು ಸಾವಿರಾರು ವರ್ಷ ಮುಂದುವರಿಯಲಿದೆ ಎಂದು 2013ರಲ್ಲಿ ಮೈಕೆಲ್ ಸಿಂಗರ್ ಮತ್ತು ಸಂಗಡಿಗರು ಬರೆದರು. ಗಣಿಗಾರಿಕೆ ನಡೆದದ್ದು ಮೂವತ್ತು ವರ್ಷ.

ಕೊಲೊರಾಡೊದಲ್ಲಿ ಮರಳು ಎಣಿಸಿದ್ದಕ್ಕಿಂತ ಬೇಗ ಹೋಯಿತು, ಯೂಬಾದಲ್ಲಿ ಎಣಿಸಿದ್ದಕ್ಕಿಂತ ಬಹಳ ಕಾಲ ಉಳಿಯಿತು. ಎರಡೂ ಕಡೆ ತಪ್ಪಿದ್ದು ಒಂದೇ ಲೆಕ್ಕ.

ಈಗ ಇಂದಿನ ಮಾತಿಗೆ ಬರೋಣ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ 2022ರ ವರದಿಯ ಪ್ರಕಾರ ಜಗತ್ತು ವರ್ಷಕ್ಕೆ ಸುಮಾರು 5,000 ಕೋಟಿ ಟನ್ ಮರಳು ಮತ್ತು ಜಲ್ಲಿಯನ್ನು ಬಳಸುತ್ತಿದೆ. ನೀರು ಬಿಟ್ಟರೆ ನಾವು ಅತಿ ಹೆಚ್ಚು ತೆಗೆದು ಬಳಸುವ ವಸ್ತು ಇದು. ಮರುಭೂಮಿಯ ಮರಳು ಗಾಳಿಗೆ ಉರುಳಿ ಉರುಳಿ ನುಣುಪಾಗಿರುವುದರಿಂದ ಕಾಂಕ್ರೀಟಿಗೆ ಒಗ್ಗುವುದಿಲ್ಲ. ಹೀಗಾಗಿ ಕೈ ಮತ್ತೆ ಮತ್ತೆ ನದಿಯ ತಳಕ್ಕೇ ಹೋಗುತ್ತದೆ. ಇನ್ನೊಂದು ಬದಿಯಲ್ಲಿ ಅಣೆಕಟ್ಟುಗಳು. ಜೇಮ್ಸ್ ಸಿವಿಟ್ಸ್ಕಿ ಮತ್ತು ಸಂಗಡಿಗರು 2005ರಲ್ಲಿ ಕೊಟ್ಟ ಲೆಕ್ಕ ಒಮ್ಮೆ ಓದಿದರೆ ಮರೆಯುವಂಥದ್ದಲ್ಲ: ಮನುಷ್ಯ ಕಾಡು ಕಡಿದು, ನೆಲ ಅಗೆದು ನದಿಗಳು ಹೊರುವ ಮಣ್ಣನ್ನು ವರ್ಷಕ್ಕೆ 230 ಕೋಟಿ ಟನ್ ಹೆಚ್ಚಿಸಿದ್ದಾನೆ, ಆದರೂ ಕಡಲ ತೀರ ತಲುಪುವ ಮಣ್ಣು ವರ್ಷಕ್ಕೆ 140 ಕೋಟಿ ಟನ್ ಕಡಿಮೆಯಾಗಿದೆ. ನಡುವಿನದೆಲ್ಲ ಜಲಾಶಯಗಳ ಹೊಟ್ಟೆಯಲ್ಲಿದೆ. ಹಳದಿ ನದಿಯ ಸನ್‌ಮೆನ್‌ಶಿಯಾ ಜಲಾಶಯ 1960ರಲ್ಲಿ ನೀರು ತುಂಬತೊಡಗಿದ ಕೆಲವೇ ವರ್ಷಗಳಲ್ಲಿ ಹೂಳಿನಿಂದ ಎಷ್ಟು ಬೇಗ ತುಂಬಿತೆಂದರೆ, ಕಟ್ಟೆಯ ಬುಡದಲ್ಲಿ ಹೂಳು ಹೊರಬಿಡುವ ಸುರಂಗ, ಕಂಡಿಗಳನ್ನು ಹೊಸದಾಗಿ ತೆರೆಯಬೇಕಾಯಿತು.

ಹೊರೆ ಕಳೆದುಕೊಂಡು ಕಟ್ಟೆಯಿಂದ ಹೊರಬರುವ ತಿಳಿನೀರಿಗೆ ಮಥಾಯಸ್ ಕೊಂಡಾಲ್ಫ್ 1997ರಲ್ಲಿ 'ಹಸಿದ ನೀರು' ಎಂಬ ಹೆಸರನ್ನು ಬಳಕೆಗೆ ತಂದರು. ಅದಕ್ಕಿಂತ ಒಪ್ಪುವ ಮಾತು ಸಿಗುವುದು ಕಷ್ಟ. ಹೊರಲು ಶಕ್ತಿಯಿದೆ, ಹೊರಲು ಏನೂ ಇಲ್ಲ. ಆದ್ದರಿಂದ ತಳವನ್ನೂ ದಡವನ್ನೂ ತಿನ್ನುತ್ತದೆ. ರೈನ್ ನದಿಯ ಇಫೆಜ್‌ಹೈಮ್ ಕಟ್ಟೆಯ ಕೆಳಗೆ ಈ ಕೊರೆತವನ್ನು ತಡೆಯಲು 1978ರಿಂದ ಪ್ರತಿ ವರ್ಷ ದೋಣಿಗಳಲ್ಲಿ ಜಲ್ಲಿ ತಂದು ಸುರಿಯಲಾಗುತ್ತಿದೆ, ವರ್ಷಕ್ಕೆ ಸುಮಾರು 1.7 ಲಕ್ಷ ಘನ ಮೀಟರ್. ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆ ಎನ್ನಿಸಬಹುದು. ಅಲ್ಲ, ಸುರಿಯುವುದನ್ನು ನಿಲ್ಲಿಸಿದರೆ ಮರುವರ್ಷದಿಂದಲೇ ನದಿ ತನ್ನ ತಳವನ್ನು ತಿನ್ನತೊಡಗುತ್ತದೆ. ಒಂದು ಕಾಲದಲ್ಲಿ ನದಿ ತಾನೇ ಮಾಡುತ್ತಿದ್ದ ಕೆಲಸವನ್ನು ಮನುಷ್ಯ ಈಗ ಕೊನೆಯಿಲ್ಲದೆ ಮಾಡಬೇಕಾಗಿದೆ.

ಮರಳು ತೆಗೆಯುವ ವಿಚಾರದಲ್ಲಿ ನನ್ನನ್ನು ಹೆಚ್ಚು ಕಾಡುವುದು 'ಮರುಪೂರಣ' ಎಂಬ ಪದ. ವರ್ಷಕ್ಕೆ ಇಷ್ಟು ಮರಳು ಬರುತ್ತದೆ, ಅದರಲ್ಲಿ ಇಷ್ಟು ಪಾಲು ತೆಗೆದರೆ ತೊಂದರೆಯಿಲ್ಲ ಎಂಬುದು ತತ್ತ್ವ. ತತ್ತ್ವದಲ್ಲಿ ದೋಷವಿಲ್ಲ. ದೋಷ ಅದನ್ನು ಅಳೆಯುವ ರೀತಿಯಲ್ಲಿದೆ. ನೆರೆಗೆ ಮೊದಲು ಗುಂಡಿಯ ಆಳ ನೋಡುತ್ತಾರೆ, ನೆರೆಯ ನಂತರ ಮತ್ತೆ ನೋಡುತ್ತಾರೆ. ಗುಂಡಿ ತುಂಬಿದ್ದರೆ ಮರುಪೂರಣವಾಯಿತು ಎಂದು ಬರೆದುಕೊಳ್ಳುತ್ತಾರೆ.

ಗುಂಡಿ ಹೇಗೆ ತುಂಬುತ್ತದೆ ಎಂಬುದನ್ನು ಹತ್ತಿರದಿಂದ ನೋಡೋಣ. ಮೇಲಿನಿಂದ ಬಂದ ನೀರು ಗುಂಡಿಯ ಅಂಚಿಗೆ ಬಂದ ಕೂಡಲೇ ಅಲ್ಲಿ ಕಡಿದಾದ ಇಳಿಜಾರು ಸಿಗುತ್ತದೆ. ವೇಗ ಹೆಚ್ಚುತ್ತದೆ, ಅಂಚು ಕುಸಿಯುತ್ತದೆ. ಅಂಚು ಹಿಂದೆ ಸರಿದಂತೆ ಕೊರೆತವೂ ಮೇಲ್ಮುಖವಾಗಿ ಏರುತ್ತದೆ, ಕೆಲವೊಮ್ಮೆ ಕಿಲೋಮೀಟರುಗಟ್ಟಲೆ, ಉಪನದಿಗಳ ಬಾಯಿಯವರೆಗೂ. ಹಾಗೆ ಕಿತ್ತ ಮರಳು ಗುಂಡಿಗೆ ಬೀಳುತ್ತದೆ. ಗುಂಡಿಯಲ್ಲಿ ನೀರು ಆಳವಾಗಿ, ನಿಧಾನವಾಗಿ ಸಾಗುವುದರಿಂದ ಬಂದ ಮರಳು ಅಲ್ಲೇ ಉಳಿಯುತ್ತದೆ. ಗುಂಡಿಯ ಕೆಳ ಅಂಚಿನಿಂದ ಹೊರಡುವ ನೀರು ಬರಿಗೈಯಲ್ಲಿ ಹೊರಡುತ್ತದೆ, ಮತ್ತು ಕೆಳಗಿನ ತಳವನ್ನು ಕೊರೆಯುತ್ತದೆ. ಅಂದರೆ ಗುಂಡಿಯನ್ನು ತುಂಬಿದ್ದು ನದಿಯ ವರಮಾನವಲ್ಲ, ಬಹುಮಟ್ಟಿಗೆ ಅದರ ಹಳೆಯ ಉಳಿತಾಯ: ದಶಕಗಳಿಂದ, ಶತಮಾನಗಳಿಂದ ಕವಚದಡಿಯಲ್ಲಿ ಕೂತಿದ್ದ ಮರಳು. ಕೊಲೊರಾಡೊದಲ್ಲಿ ಒಂದು ದಿಬ್ಬದ ಮರಳು ಇನ್ನೊಂದು ದಿಬ್ಬವನ್ನು ಬೆಳೆಸಿದ ಹಾಗೆಯೇ ಇದು. ಜಾಗ ಬದಲಿಸಿದ ಮರಳನ್ನು ಹೊಸದಾಗಿ ಬಂದ ಮರಳೆಂದು ಎಣಿಸಿದರೆ, ಪ್ರತಿ ವರ್ಷವೂ ಲೆಕ್ಕದ ಪುಸ್ತಕ ಸರಿಯಾಗಿಯೇ ಇರುತ್ತದೆ, ಪ್ರತಿ ವರ್ಷವೂ ತಳ ಕುಸಿಯುತ್ತಲೇ ಇರುತ್ತದೆ.

ಕುಸಿದ ತಳ ಯಾವ ದಿನ ತನ್ನನ್ನು ತೋರಿಸಿಕೊಳ್ಳುತ್ತದೆ ಎಂದು ಹೇಳಲಾಗದು. ಪೋರ್ಚುಗಲ್‌ನ ಡೌರೊ ನದಿಯ ಮೇಲಿದ್ದ ಹಿಂಟ್ಸೆ ರಿಬೈರೊ ಸೇತುವೆಯ ಕಂಬವೊಂದು 2001ರ ಮಾರ್ಚ್ 4ರ ರಾತ್ರಿ ನೆರೆಯಲ್ಲಿ ಕುಸಿಯಿತು. ಬಸ್ಸೊಂದು, ಕಾರುಗಳು ನೀರಿಗೆ ಬಿದ್ದು 59 ಜನ ಸತ್ತರು. ವರ್ಷಗಟ್ಟಲೆ ನಡೆದ ಮರಳುಗಾರಿಕೆಯಿಂದ ಕಂಬದ ಬುಡದ ತಳ ಸವೆದಿದ್ದುದು ಅದಕ್ಕೆ ಮುಖ್ಯ ಕಾರಣವೆಂದು ತನಿಖೆಗಳು ಹೇಳಿದವು. ಆ ಮರಳನ್ನು ಹೊತ್ತೊಯ್ದ ಒಂದೊಂದು ದೋಣಿಯ ಹೊರೆಯೂ ಅಂದಂದಿಗೆ ಚಿಕ್ಕದಾಗಿಯೇ ಕಂಡಿರಬೇಕು.

ಹಾಗಾದರೆ ನಿಜವಾದ ವರಮಾನವನ್ನು ಅಳೆಯುವುದು ಹೇಗೆ? ಸೂತ್ರಗಳನ್ನೇ ನಂಬಿ ಕೂರುವಂತಿಲ್ಲ. ತಳದ ಹೊರೆಯ, ಅಂದರೆ ತಳದಲ್ಲಿ ಉರುಳಿ ಪುಟಿದು ಸಾಗುವ ಮರಳು ಕಲ್ಲುಗಳ, ಸೂತ್ರಗಳಿಗೆ ಒಳ್ಳೆಯ ಅಂಕಿಗಳನ್ನು ಕೊಟ್ಟಾಗಲೂ ಅವು ಹತ್ತು ಪಟ್ಟು ಹೆಚ್ಚುಕಡಿಮೆ ಹೇಳುವುದು ಸಾಮಾನ್ಯ. ನೆರೆಯ ನಡುವೆ ಬಲೆಯಂಥ ಉಪಕರಣವನ್ನು ತಳಕ್ಕೆ ಇಳಿಸುವುದು ಅಪಾಯಕರ, ಇಳಿಸಿದರೂ ಸಿಗುವುದು ಆ ಜಾಗದ ಆ ನಿಮಿಷದ ಸುದ್ದಿ ಮಾತ್ರ. ಸ್ವಿಟ್ಜರ್ಲೆಂಡಿನ ಎರ್ಲೆನ್‌ಬಾಖ್ ತೊರೆಯಲ್ಲಿ ತಳಕ್ಕೆ ಉಕ್ಕಿನ ಹಲಗೆಗಳನ್ನು ಹಾಸಿ, ಅಡಿಯಲ್ಲಿ ಕಂಪನಮಾಪಕಗಳನ್ನು ಇಟ್ಟಿದ್ದಾರೆ. ಹಾದುಹೋಗುವ ಕಲ್ಲುಗಳ ಬಡಿತವನ್ನು ಅವು ಹಗಲೂ ರಾತ್ರಿ ಎಣಿಸುತ್ತವೆ. ಅಲ್ಲಿನ ದಾಖಲೆ ನೋಡಿದರೆ ನೀರು ಒಂದೇ ಮಟ್ಟದಲ್ಲಿರುವಾಗಲೂ ಕಲ್ಲುಗಳ ಸಂಚಾರ ಏರುತ್ತ ಇಳಿಯುತ್ತ ಇರುತ್ತದೆ. ಒಂದು ಮಳೆಗಾಲದ ಅಳತೆಯ ಮೇಲೆ ಹತ್ತು ವರ್ಷದ ಪರವಾನಗಿ ಕೊಡುವುದು ಎಷ್ಟು ಅಪಾಯದ ಮಾತು ಎಂಬುದಕ್ಕೆ ಇಷ್ಟು ಸಾಕು. ಗುಂಡಿಯ ಬದಲು ಮೇಲೆ ಕೆಳಗೆ ಹಲವು ಕಿಲೋಮೀಟರಿನ ಇಡೀ ತಳವನ್ನು ಅಳೆಯಬೇಕು, ವರ್ಷವೊಂದರ ಬದಲು ದಶಕದ ಅಳತೆ ಬೇಕು. ಕೈಯಲ್ಲಿ ಅಷ್ಟು ಅಳತೆ ಇಲ್ಲದಿದ್ದರೆ ಮರಳು ತೆಗೆಯಬಾರದು. ಇದು ಕಠಿಣ ಎನ್ನಿಸಿದರೂ ಹೇಳಲೇಬೇಕಾದ ಮಾತು.

ಕೊಲೊರಾಡೊದವರು ಪಾಠ ಕಲಿತರು. 2012ರಿಂದ ಅಲ್ಲಿ ಹೊಸ ಪದ್ಧತಿ ಜಾರಿಯಲ್ಲಿದೆ. ಅಣೆಕಟ್ಟಿನ ಕೆಳಗೆ ಸುಮಾರು 25 ಕಿಲೋಮೀಟರ್ ದೂರದಲ್ಲಿ ಬಂದು ಸೇರುವ ಪಾರಿಯಾ ಎಂಬ ಉಪನದಿ ಎಷ್ಟು ಮರಳು ತಂದಿತು, ಅದರಲ್ಲಿ ಎಷ್ಟು ಇನ್ನೂ ಕಮರಿಯೊಳಗೆ ಉಳಿದಿದೆ ಎಂದು ಎಡೆಬಿಡದೆ ಲೆಕ್ಕ ಇಡುತ್ತಾರೆ. ನೀರಿನೊಳಗೆ ಶಬ್ದದ ಅಲೆಗಳನ್ನು ಬಿಟ್ಟು ಹದಿನೈದು ನಿಮಿಷಕ್ಕೊಮ್ಮೆ ಮರಳನ್ನು ಅಳೆಯುವ ಉಪಕರಣಗಳು ನದಿಯುದ್ದಕ್ಕೂ ಇವೆ. 2024ರವರೆಗೆ ಜುಲೈಯಿಂದ ನವೆಂಬರ್ ಒಂದು ಖಾತೆ, ಡಿಸೆಂಬರಿನಿಂದ ಜೂನ್ ಇನ್ನೊಂದು ಆಗಿತ್ತು. ಜಮೆ ಸಾಕಷ್ಟಿದ್ದರೆ, ಆ ಮರಳು ಕೊಚ್ಚಿಹೋಗುವ ಮುನ್ನವೇ ನೆರೆ ಬಿಡುವ ಮಾತು. 2012ರ ನವೆಂಬರಿನಲ್ಲಿ ಹಾಗೆ ಮೊದಲ ಬಾರಿ ಕವಾಟ ತೆರೆದರು. ಪಾರಿಯಾದ ಬೆಟ್ಟಗಳಲ್ಲಿ ಮಳೆ ಬಾರದೆ ಮರಳು ಇಳಿಯದ ವರ್ಷ, ದಿಬ್ಬಗಳಿಗಾಗಿ ಆ ಕವಾಟವನ್ನು ಸಾಮಾನ್ಯವಾಗಿ ತೆರೆಯುವುದಿಲ್ಲ.